ಮದ್ದಿನ ಜತೆಗೊಂದು ಮಾತು

ನಾನು ಹುಡುಗನಾಗಿದ್ದಾಗ, ಎಂದರೆ 1980ರ ದಶಕದಲ್ಲಿ, ನಮ್ಮೂರಿನ ಸರಕಾರಿ ಆಸ್ಪತ್ರೆಯಲ್ಲಿ ವೈದ್ಯರ ಕೊಠಡಿಗಿಂತ ಹೆಚ್ಚಾಗಿ ನನ್ನನ್ನು ಸೆಳೆಯುತ್ತಿದ್ದ ಸ್ಥಳವೊಂದಿತ್ತು. ಗೋಡೆಯಲ್ಲಿ ಬಿಟ್ಟಿದ್ದ ಒಂದು ಮೊಳ ಅಗಲದ ಕಿಂಡಿ ಅದು. ಅದರಾಚೆ ಕಂಪೌಂಡರು ಇರುತ್ತಿದ್ದರು. ಅವರ ಮುಖವನ್ನು ಪೂರ್ತಿಯಾಗಿ ಕಂಡವರು ಕಡಮೆ. ಕಾಣುತ್ತಿದ್ದುದು ಕೈ ಮಾತ್ರ. ನಾವು ಮನೆಯಿಂದ ತೊಳೆದು ಒಯ್ದ ಸೀಸೆಯನ್ನು ಆ ಕೈ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಕೆಂಪು ಮಿಕ್ಸ್ಚರನ್ನು ತುಂಬಿ, ಕಾಗದದ ಪಟ್ಟಿಯೊಂದನ್ನು ಹಲ್ಲುಹಲ್ಲಾಗಿ ಕತ್ತರಿಸಿ ಸೀಸೆಗೆ ಅಂಟಿಸಿ, ಹೊರಕ್ಕೆ ತಳ್ಳುತ್ತಿತ್ತು. ಒಂದು ಹಲ್ಲು ಒಂದು ಹೊತ್ತಿಗೆ. ಅಕ್ಷರ ಬಾರದ ನನ್ನ ಅಜ್ಜಿಗೂ ಅರ್ಥವಾಗುತ್ತಿದ್ದ ಲಿಪಿ ಅದು. ಆಮೇಲೆ ವಿಶ್ವವಿದ್ಯಾನಿಲಯದಲ್ಲಿ ಹಳಗನ್ನಡ ಶಾಸನಗಳ ಲಿಪಿಯನ್ನು ಓದಲು ಕಲಿತೆ. ಅಷ್ಟು ನಿಸ್ಸಂದಿಗ್ಧವಾದ ಬರವಣಿಗೆಯನ್ನು ಅಲ್ಲಿಯೂ ಕಾಣಲಿಲ್ಲ.

ಆ ಕಂಪೌಂಡರ ನೆನಪು ಈಚೆಗೆ ಮೇಲಿಂದ ಮೇಲೆ ಬರುವುದಕ್ಕೆ ಕಾರಣವುಂಟು. ಕನ್ನಡದ ಅಧ್ಯಾಪಕನಾದ ನಾನು ಕೆಲವು ವರ್ಷಗಳಿಂದ ನಮ್ಮ ಜಿಲ್ಲೆಯ ಒಂದು ಔಷಧಶಾಸ್ತ್ರದ ಕಾಲೇಜಿಗೆ ವಾರಕ್ಕೆ ಎರಡು ಗಂಟೆ ಪಾಠ ಹೇಳಲು ಹೋಗುತ್ತಿದ್ದೇನೆ. ಪಂಪನನ್ನೋ ಕುಮಾರವ್ಯಾಸನನ್ನೋ ಹೇಳಿಕೊಡಲು ಅಲ್ಲ. ರೋಗಿಯೊಡನೆ ಕನ್ನಡದಲ್ಲಿ ಮಾತನಾಡುವ ಬಗೆಯನ್ನು ಹೇಳಿಕೊಡಲು. "ಮಾತ್ರೆ ಎಣಿಸುವವರಿಗೆ ಮಾತ್ರಾಗಣದ ಪಾಠವೇ?" ಎಂದು ನನ್ನ ಮಿತ್ರರು ಹಾಸ್ಯ ಮಾಡುತ್ತಾರೆ. ನಾನೂ ನಗುತ್ತೇನೆ. ಆದರೆ ನಾನು ಅಲ್ಲಿಗೆ ಹೋಗಲೊಪ್ಪಿದ ಕಾರಣವನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗುತ್ತದೆ.

2017ರ ಮಳೆಗಾಲ. ನನ್ನ ತಾಯಿಯವರನ್ನು ಸಂಧಿವಾತ ಹಿಡಿದಿತ್ತು. ಬೆರಳಿನ ಗೆಣ್ಣುಗಳು ಊದಿಕೊಂಡು, ಬೆಳಗ್ಗೆ ಕಾಫಿಯ ಲೋಟವನ್ನು ಹಿಡಿಯಲಾರದ ಸ್ಥಿತಿ. ದೊಡ್ಡ ಊರಿನ ತಜ್ಞರಿಗೆ ತೋರಿಸಿದೆವು. ಅವರು ಬರೆದುಕೊಟ್ಟ ಔಷಧಗಳಲ್ಲಿ ಮೆಥೊಟ್ರೆಕ್ಸೇಟ್ ಎಂಬುದೂ ಒಂದು. ಒಂದು ಸಣ್ಣ ಮಾತ್ರೆ. ಸಂಧಿವಾತಕ್ಕೆ ಇದನ್ನು ವಾರದಲ್ಲಿ ಒಂದು ದಿನ ಮಾತ್ರ ಕೊಡತಕ್ಕದ್ದು. ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗುತ್ತದೆ, ರಕ್ತಕಣಗಳು ಕುಗ್ಗುತ್ತವೆ, ಪ್ರಾಣಕ್ಕೇ ಎರವಾಗುವುದೂ ಉಂಟು. ನಾನಾ ದೇಶಗಳಲ್ಲಿ ನಡೆದಿರುವ, ಔಷಧದ ವಿಷಯ ಬಲ್ಲವರಿಗೆಲ್ಲ ಗೊತ್ತಿರುವ ಅನಾಹುತ ಇದು. ನನಗೆ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಎಂದು ವೈದ್ಯರು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದೇ ಇದ್ದರು. ಬರೆದಿದ್ದರೆಂಬುದನ್ನು ನಾನು ಕಂಡದ್ದು ಆಮೇಲೆ. ಅಂಗಡಿಯಲ್ಲಿ ಜನ ಮುತ್ತಿಕೊಂಡಿದ್ದರು. ಗಲ್ಲದ ಆಚೆ ನಿಂತಿದ್ದ ಹುಡುಗ ಚೀಟಿಯನ್ನು ಒಮ್ಮೆ ನೋಡಿ, ಒಂದೊಂದೇ ಸ್ಟ್ರಿಪ್ಪನ್ನು ಎಳೆದು, ಅವುಗಳ ಬೆನ್ನಿನ ಮೇಲೆ ಪೆನ್ನಿನಿಂದ ಒಂದು, ಸೊನ್ನೆ, ಸೊನ್ನೆ ಎಂದು ಗೀಚಿ, ಪೊಟ್ಟಣಕ್ಕೆ ಹಾಕಿಕೊಟ್ಟ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ ಎಂದು ಅದರ ಅರ್ಥ. ನಾನು ಚಿಲ್ಲರೆಯನ್ನು ಎರಡು ಸಲ ಎಣಿಸಿಕೊಂಡೆ. ಚೀಟಿಯನ್ನು ಒಮ್ಮೆಯೂ ಓದಲಿಲ್ಲ.

ಒಂಬತ್ತನೆಯ ದಿನ ತಾಯಿಯವರು ಗಂಜಿಯನ್ನೂ ನುಂಗಲಾರದಾದರು. ತುಟಿ, ನಾಲಗೆ, ಗಂಟಲು ಎಲ್ಲವೂ ಹಸಿ ಹುಣ್ಣು. ಜ್ವರ ಬೇರೆ. ಆಸ್ಪತ್ರೆಗೆ ಸೇರಿಸಿದೆವು. ರಕ್ತಪರೀಕ್ಷೆಯಲ್ಲಿ ಕಣಗಳ ಸಂಖ್ಯೆ ಬಹಳ ಕೆಳಗಿಳಿದಿತ್ತು. ಮಳೆಗಾಲವಷ್ಟೆ; ಊರಿನಲ್ಲೆಲ್ಲ ಡೆಂಗಿ ಇತ್ತು; ವಾರ್ಡಿನ ಅರ್ಧ ಹಾಸಿಗೆಗಳಲ್ಲಿ ಅದೇ ರೋಗ. ಇದೂ ಅದೇ ಇರಬೇಕೆಂದು ಸಹಜವಾಗಿಯೇ ಎಲ್ಲರೂ ಭಾವಿಸಿದರು.

ಎರಡನೆಯ ದಿನ ಬೆಳಗ್ಗೆ ಬಿಳಿಯ ಕೋಟು ತೊಟ್ಟ ತರುಣಿಯೊಬ್ಬಳು ಹಾಸಿಗೆಯ ಬಳಿಗೆ ಬಂದಳು. ಇಪ್ಪತ್ತೈದು ಮೀರಿರಲಾರದು. ವೈದ್ಯಳೆಂದು ತಿಳಿದು ನಾನು ಎದ್ದು ನಿಂತೆ. ತಾನು ಆಸ್ಪತ್ರೆಯ ಫಾರ್ಮಸಿಸ್ಟ್ ಎಂದಳು. ಔಷಧ ಕೊಡುವವರು ಕಿಂಡಿಯನ್ನು ಬಿಟ್ಟು ಹಾಸಿಗೆಯವರೆಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. "ಅಮ್ಮ, ಮನೆಯಲ್ಲಿ ಏನೇನು ಮಾತ್ರೆ ತಗೋತಿದ್ರಿ? ಚೀಲದ ಸಮೇತ ತರಿಸ್ತೀರಾ?" ಎಂದು ಕೇಳಿದಳು. ಚೀಲ ಕಾಲ ಬಳಿಯೇ ಇತ್ತು. ಅವಳು ಅದನ್ನು ಹಾಸಿಗೆಯ ಮೇಲೆ ಸುರಿದು ಒಂದೊಂದನ್ನೇ ಎತ್ತಿ ನೋಡಿದಳು. ಆ ಸಣ್ಣ ಮಾತ್ರೆಯ ಸ್ಟ್ರಿಪ್ಪು ಕೈಗೆ ಬಂದಾಗ ಅವಳ ಬೆರಳು ಖಾಲಿ ಗುಂಡಿಗಳ ಮೇಲೆ ಹರಿದು ನಿಂತಿತು. ಒಂಬತ್ತು. ಮತ್ತೆ ಎಣಿಸಿದಳು. ಆಮೇಲೆ ಓಡಲಿಲ್ಲ, ಕೂಗಲಿಲ್ಲ. ಸ್ಟ್ರಿಪ್ಪನ್ನು ಹಿಡಿದುಕೊಂಡು ಬೇಗಬೇಗ ಹೊರಗೆ ನಡೆದಳು.

ಹಿರಿಯ ವೈದ್ಯರು ಅದೇ ಹೊತ್ತಿಗೆ ಪಡಸಾಲೆಯಲ್ಲಿ ಶಿಷ್ಯಪರಿವಾರದೊಡನೆ ಬರುತ್ತಿದ್ದರು. ಅವಳಿಗಿಂತ ಮೂವತ್ತು ವರ್ಷವಾದರೂ ದೊಡ್ಡವರು. ಅವಳು ಅವರ ಎದುರಿಗೆ ನಿಂತಳು. ನಾನು ಬಾಗಿಲಲ್ಲಿದ್ದೆ. ಅವಳ ಧ್ವನಿ ನಡುಗುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಮಾತು ಮಾತ್ರ ನಡುಗಲಿಲ್ಲ. "ಸರ್, ಒಂದು ನಿಮಿಷ. ಹನ್ನೆರಡನೇ ಹಾಸಿಗೆಯವರದು ಡೆಂಗಿ ಅಲ್ಲ ಅನ್ನಿಸುತ್ತೆ. ವಾರಕ್ಕೊಂದು ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ಒಂಬತ್ತು ದಿನ ದಿನವೂ ನುಂಗಿದಾರೆ. ಸ್ಟ್ರಿಪ್ಪು ಇಲ್ಲಿದೆ." ಆ ಹಿರಿಯರನ್ನೂ ನಾನು ಕೃತಜ್ಞತೆಯಿಂದಲೇ ನೆನೆಯಬೇಕು. ಅವರು ಸ್ಟ್ರಿಪ್ಪನ್ನು ತೆಗೆದುಕೊಂಡು ನೋಡಿದರು. ಅವಳ ಮುಖವನ್ನು ನೋಡಿದರು. ಬಂದ ದಾರಿಯಲ್ಲೇ ತಿರುಗಿದರು. ಒಂದು ಗಂಟೆಯೊಳಗೆ ಅದಕ್ಕೆ ತಕ್ಕ ಪ್ರತ್ಯೌಷಧವಾದ ಫೋಲಿನಿಕ್ ಆಮ್ಲದ ಚುಚ್ಚುಮದ್ದು ಆರಂಭವಾಯಿತು. ಹನ್ನೊಂದು ದಿನಗಳ ಮೇಲೆ ತಾಯಿಯವರು ಮನೆಗೆ ಬಂದರು.

ಜಗಳವಾಡಬೇಕೆಂದೇ ನಾನು ಆ ಅಂಗಡಿಗೆ ಹೋದೆ. ಹತ್ತೊಂಬತ್ತರ ಹುಡುಗ, ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದವನು. ಅವನ ತಲೆಯ ಮೇಲೆ, ಗೋಡೆಯಲ್ಲಿ, ಕಟ್ಟು ಹಾಕಿಸಿದ ಫಾರ್ಮಸಿಸ್ಟರ ಪ್ರಮಾಣಪತ್ರವೊಂದು ತೂಗುತ್ತಿತ್ತು. ಅದರಲ್ಲಿದ್ದ ಹೆಸರಿನವರು ಅಂಗಡಿಗೆ ಬಂದದ್ದನ್ನು ತಾನು ಎಂದೂ ನೋಡಿಲ್ಲವೆಂದು ಹುಡುಗ ಹೇಳಿದ. ನಡೆದದ್ದನ್ನು ಕೇಳಿ ಅವನು ಅಳುವಂತಾದ. ನಾನು ಹಿಂದಿರುಗಿದೆ. ಓದುವುದನ್ನೇ ಕಸುಬಾಗಿ ಉಳ್ಳವನು, ಪಾಠಾಂತರಗಳನ್ನು ಹೋಲಿಸಿ ನೋಡಿರೆಂದು ಎಂ.ಎ. ವಿದ್ಯಾರ್ಥಿಗಳಿಗೆ ಬೋಧಿಸುವವನು, ನಾಲ್ಕು ಸಾಲಿನ ಚೀಟಿಯೊಂದನ್ನು ಓದದೆ ಹೋದೆನಲ್ಲ, ಆ ಹುಡುಗನನ್ನು ಯಾವ ಮುಖದಿಂದ ಬೈಯಲಿ?

ಆ ತರುಣಿಯನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಭಾಷೆಯವರಿಗೆ ಇಂಥ ಚಪಲ ಇದ್ದೇ ಇರುತ್ತದೆ; ವಾಚಕರು ಕ್ಷಮಿಸಬೇಕು. ಕಂಪೌಂಡರ್ ಎಂಬ ಪದ ಔಷಧವನ್ನು ಅರೆದು ಬೆರಸಿ ಕೊಡುತ್ತಿದ್ದ ಕಾಲಕ್ಕೆ ಸರಿ. ಈಗ ಬೆರಸುವುದಕ್ಕೇನೂ ಉಳಿದಿಲ್ಲ. ಔಷಧಿ ಅಂಗಡಿಯವರು ಎಂದರೆ ವ್ಯಾಪಾರ ಮಾತ್ರ ಕಾಣುತ್ತದೆ. ಅಲ್ಲದೆ ಔಷಧಿ ಎಂಬ ರೂಪವೇ ಗೊಂದಲದ್ದು. ಸಂಸ್ಕೃತದಲ್ಲಿ ಓಷಧಿ ಎಂದರೆ ಗಿಡಮೂಲಿಕೆ. ಅದರಿಂದ ಆದದ್ದು ಔಷಧ. ಎರಡನ್ನೂ ಕಲಸಿ ನಾವು ಔಷಧಿ ಎಂದು ಮಾಡಿಕೊಂಡಿದ್ದೇವೆ. ಚರಕನ ಕಾಲದಿಂದ ಬಂದ ಚಿಕಿತ್ಸೆಯ ನಾಲ್ಕು ಪಾದಗಳ ಕಲ್ಪನೆಯಲ್ಲಿ ವೈದ್ಯ, ದ್ರವ್ಯ, ಉಪಚಾರಕ, ರೋಗಿ ಇವು ನಾಲ್ಕೇ. ದ್ರವ್ಯವಿದೆ, ಅದನ್ನು ಬಲ್ಲ ಪ್ರತ್ಯೇಕ ವ್ಯಕ್ತಿಯಿಲ್ಲ. ಆ ತಿಳಿವಳಿಕೆಯೆಲ್ಲ ವೈದ್ಯನದೇ. ನಮ್ಮಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷಗಳನ್ನೂ ಅವುಗಳಿಗೆ ಮದ್ದುಗಳನ್ನೂ ಕುರಿತು ಖಗೇಂದ್ರಮಣಿದರ್ಪಣವೆಂಬ ಇಡೀ ಗ್ರಂಥವನ್ನು ಕನ್ನಡದಲ್ಲೇ ಬರೆದ. ಮದ್ದಿನ ಗುಣವನ್ನೂ ಅದರ ಕೇಡನ್ನೂ ಜನರ ಮಾತಿನಲ್ಲಿ ಹೇಳಬೇಕೆಂಬ ಹಂಬಲ ಕನ್ನಡಕ್ಕೆ ಹೊಸದಲ್ಲ. ಹೊಸದು, ಅದನ್ನೇ ವೃತ್ತಿಯಾಗಿ ಉಳ್ಳ ವರ್ಗ. ಅದಕ್ಕಿನ್ನೂ ನಮ್ಮ ಭಾಷೆಯಲ್ಲಿ ಸ್ಥಿರವಾದ ಹೆಸರೂ ಇಲ್ಲ. ನಾನು ಔಷಧಜ್ಞ ಎಂದು ಬರೆಯುತ್ತೇನೆ. ವಿದ್ಯಾರ್ಥಿಗಳು ನಕ್ಕು ಫಾರ್ಮಸಿಸ್ಟ್ ಎನ್ನುತ್ತಾರೆ.

ಹೆಸರಿಲ್ಲದ ವರ್ಗಕ್ಕೆ ಇತಿಹಾಸವೂ ಮರೆತಿರುತ್ತದೆ. ಮೊದಲ ತರಗತಿಯಲ್ಲಿ ನಾನು, "ನಿಮ್ಮ ವಿದ್ಯೆಯನ್ನು ಈ ದೇಶದಲ್ಲಿ ನೆಟ್ಟವರು ಯಾರು?" ಎಂದು ಕೇಳಿದೆ. ಅರುವತ್ತು ಜನರಲ್ಲಿ ಇಬ್ಬರು ಹೇಳಿದರು. ಆ ಹೆಸರು ಮಹಾದೇವ ಲಾಲ್ ಶ್ರಾಫ್. 1902ರಲ್ಲಿ ಬಿಹಾರದ ದರ್ಭಂಗಾದಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಹೋಗಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿಯೂ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ಓದಿ ಬಂದವರು. ಆಗ ನಮ್ಮ ಪೇಟೆಗಳ ಸ್ಥಿತಿ ಹೇಗಿತ್ತೆಂಬುದನ್ನು ನೆನೆಯಬೇಕು. ಮಲೇರಿಯಾಕ್ಕೆ ಕೊಡುವ ಕ್ವಿನೈನೇ ಕಲಬೆರಕೆ. ಯಾರು ಬೇಕಾದರೂ ಏನನ್ನು ಬೇಕಾದರೂ ಔಷಧವೆಂದು ಮಾರಬಹುದಿತ್ತು. ಈ ಅವ್ಯವಸ್ಥೆಯನ್ನು ವಿಚಾರಿಸಲು 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಗಿ ಮರುವರ್ಷ ವರದಿ ಒಪ್ಪಿಸಿತು. ಸರಕಾರ ವರದಿಯನ್ನು ಓದುತ್ತ ಕುಳಿತಿರುವಾಗಲೇ, 1932ರಲ್ಲಿ, ಶ್ರಾಫ್ ಅವರು ಮದನ ಮೋಹನ ಮಾಲವೀಯರ ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಔಷಧ ರಸಾಯನದ ಪಾಠವನ್ನು ಆರಂಭಿಸಿಯೇಬಿಟ್ಟರು. 1937ರಲ್ಲಿ ಅಲ್ಲಿ ಬಿ.ಫಾರ್ಮಾ ಪದವಿ ಬಂತು.

ಆದರೆ ನನ್ನ ಮನಸ್ಸನ್ನು ಸೆಳೆದದ್ದು ಪದವಿಯಲ್ಲ. ಪಾಠಕ್ಕೆ ಹತ್ತಾರು ಹುಡುಗರು ಬಂದರೂ ಅವರಿಗೊಂದು ವೃತ್ತಿ ಎಂಬುದೇ ಇರಲಿಲ್ಲ; ಅವರನ್ನು ಗೌರವಿಸುವ ಕಾಯಿದೆ ಇರಲಿಲ್ಲ, ಒಬ್ಬರ ಅನುಭವ ಇನ್ನೊಬ್ಬರಿಗೆ ಮುಟ್ಟಲು ಪತ್ರಿಕೆ ಇರಲಿಲ್ಲ, ಕಷ್ಟಕ್ಕೆ ಕೂಡಲು ಸಂಘ ಇರಲಿಲ್ಲ. ಶ್ರಾಫ್ ಅವರು 1935ರಲ್ಲಿ ಸಂಯುಕ್ತ ಪ್ರಾಂತದಲ್ಲಿ ಸಂಘವೊಂದನ್ನು ಕಟ್ಟಿದರು. ಅದೇ ಬೆಳೆದು ಭಾರತೀಯ ಫಾರ್ಮಸಿ ಸಂಘವಾಯಿತು. 1939ರಲ್ಲಿ ಪತ್ರಿಕೆಯನ್ನು ಹೊರಡಿಸಿ ಅದರ ಸಂಪಾದಕರಾದರು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಫಾರ್ಮಸಿ ಕಾಯಿದೆ, ಮರುವರ್ಷ ಅಖಿಲ ಭಾರತ ಪರಿಷತ್ತು. ದಾಖಲಾದ ಔಷಧಜ್ಞನಲ್ಲದೆ ಬೇರೆಯವರು ವೈದ್ಯರ ಚೀಟಿಗೆ ಔಷಧ ಕೊಡಕೂಡದೆಂದು ಆ ಕಾಯಿದೆಯ ವಿಧಿ. ನಮ್ಮಲ್ಲಿ ನಾಯಕರೆಂದರೆ ವೇದಿಕೆ ಏರಿದವರು ಎಂದು ತಿಳಿಯುವ ಅಭ್ಯಾಸ. ಇವರು ವೇದಿಕೆಗಿಂತ ಹೆಚ್ಚು ಹೊತ್ತನ್ನು ಕರಡು ತಿದ್ದುವುದರಲ್ಲಿ ಕಳೆದಿರಬೇಕು. ಅವರು ಹುಟ್ಟಿದ ಮಾರ್ಚ್ 6ನ್ನು ಈಗ ಔಷಧಶಿಕ್ಷಣದ ದಿನವೆಂದು ಆಚರಿಸುತ್ತಾರೆ. ಕೇಕು ಕತ್ತರಿಸುತ್ತಾರೆಂದು ಕೇಳಿದ್ದೇನೆ.

ಕರ್ನಾಟಕದಲ್ಲಿ ಈ ವಿದ್ಯೆ ಬೇರುಬಿಟ್ಟದ್ದು ಅರುವತ್ತು ಎಪ್ಪತ್ತರ ದಶಕಗಳಲ್ಲಿ. 1963ರಲ್ಲಿ ಮಣಿಪಾಲ, 1968ರಲ್ಲಿ ಬೆಳಗಾವಿ, 1973ರಲ್ಲಿ ಮೈಸೂರು. ಔಷಧ ಕೊಡುವವರು ಆಸ್ಪತ್ರೆಯ ವಾರ್ಡಿಗೆ ಹೋಗಿ ರೋಗಿಯ ಔಷಧಗಳನ್ನು ಪರಿಶೀಲಿಸಬೇಕೆಂಬ ಪದ್ಧತಿಯನ್ನು ತೊಂಬತ್ತರ ದಶಕದಲ್ಲಿ ಈ ದೇಶಕ್ಕೆ ತಂದವರ ಪೈಕಿ ಮೈಸೂರಿನವರು ಮುಂಚೂಣಿಯಲ್ಲಿದ್ದರು. 2008ರಲ್ಲಿ ಫಾರ್ಮ್ ಡಿ ಎಂಬ ಆರು ವರ್ಷಗಳ ಶಿಕ್ಷಣ ದೇಶದಲ್ಲಿ ಆರಂಭವಾಯಿತು. ನನ್ನ ತಾಯಿಯ ಹಾಸಿಗೆಯ ಬಳಿಗೆ ಬಂದವಳು ಆ ಶಿಕ್ಷಣದ ಮೊದಲ ಫಸಲಿನವಳು.

ಅದಿರಲಿ. ಈ ಕಾಲೇಜುಗಳಲ್ಲಿ ಈಗ ನಾಯಕತ್ವ ಎಂಬ ಮಾತು ಬಹಳ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲದೆ ಇಲ್ಲ. 1997ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ್ದ ಸಭೆಯೊಂದು ಔಷಧಜ್ಞನಿಗೆ ಏಳು ಪಾತ್ರಗಳನ್ನು ಗೊತ್ತುಮಾಡಿತು. ರೋಗಿಯ ಹಿತ ನೋಡುವವನು, ನಿರ್ಧರಿಸುವವನು, ಸಂವಹನ ಮಾಡುವವನು, ವ್ಯವಸ್ಥಾಪಕ, ಜೀವನವಿಡೀ ಕಲಿಯುವವನು, ಕಲಿಸುವವನು, ನಾಯಕ. ಏಳು ನಕ್ಷತ್ರಗಳೆಂದು ಇವನ್ನು ಕರೆಯುತ್ತಾರೆ. ನಕ್ಷತ್ರಗಳನ್ನು ಎಣಿಸುವ ಪಟ್ಟಿಗಳಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಆದರೆ ಅಂಗಡಿಯ ಗಲ್ಲದ ಆಚೆ ನಿಂತವನನ್ನು ನಾಯಕನೆಂದು ಕರೆಯುವ ಧೈರ್ಯ ಮಾಡಿದರಲ್ಲ, ಅದು ಮೆಚ್ಚತಕ್ಕದ್ದು.

ಪಟ್ಟಿ ನಮ್ಮೂರಿಗೆ ಬಂದಾಗ ಏನಾಯಿತೆಂದರೆ, ನಾಯಕತ್ವದ ಶಿಬಿರವಾಯಿತು. ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ದೂರದ ನಗರದಿಂದ ಕರೆಸಿದ್ದ ತರಬೇತಿದಾರರು ಹದ್ದಿನ ಕಥೆಯನ್ನು ಹೇಳಿದರು, ಸಿಂಹದ ಕಥೆಯನ್ನು ಹೇಳಿದರು, ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಮೂರು ಗಂಟೆಯ ಅವಧಿಯಲ್ಲಿ ಔಷಧ ಎಂಬ ಶಬ್ದ ಒಂದು ಸಲವೂ ಬರಲಿಲ್ಲ. ಸಂಜೆ ಎಲ್ಲರಿಗೂ ಪ್ರಮಾಣಪತ್ರ ದೊರೆಯಿತು. ನನಗೂ ಒಂದನ್ನು ಕೊಟ್ಟರು. ಆ ಲೆಕ್ಕದಲ್ಲಿ ನಾನೂ ನಾಯಕನೇ.

ಮರುವಾರದ ಪಾಠದಲ್ಲಿ ಆ ಶಬ್ದವನ್ನೇ ಹಲಗೆಯ ಮೇಲೆ ಬರೆದೆ. ನಾಯಕ ಎಂಬುದು 'ನೀ' ಎಂಬ ಧಾತುವಿನಿಂದ ಬಂದದ್ದು. ಕರೆದೊಯ್ಯುವುದು ಎಂದು ಅರ್ಥ. ಅದೇ ಧಾತುವಿನಿಂದ ನೇತ್ರ ಬಂತು, ಕಣ್ಣು ನಮ್ಮನ್ನು ಕರೆದೊಯ್ಯುತ್ತದಷ್ಟೆ. ಅದರಿಂದಲೇ ನಯವೂ ಬಂತು. ಕನ್ನಡಿಗರು ಆ ನಯವನ್ನು ಮಾತಿನ ಗುಣವಾಗಿ ಮಾಡಿಕೊಂಡಿದ್ದಾರೆ. "ನಿಮಗೆ ಹದ್ದೂ ಬೇಡ, ಸಿಂಹವೂ ಬೇಡ, ಕಣ್ಣು ಮತ್ತು ನಯ, ಇವೆರಡು ಸಾಕು. ಚೀಟಿಯನ್ನು ನೋಡುವ ಕಣ್ಣು, ನೋಡಿದ್ದನ್ನು ಹೇಳುವ ನಯ," ಎಂದೆ. ಭಾಷಣ ಚೆನ್ನಾಗಿಯೇ ಆಯಿತು. ಆದರೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಸರ್, ಡಾಕ್ಟರಿಗೆ ಫೋನ್ ಮಾಡಿದಾಗ ಏನಂತ ಶುರು ಮಾಡಬೇಕು? ಅದನ್ನು ಹೇಳಿಕೊಡಿ," ಎಂದಳು. ನನ್ನ ವ್ಯುತ್ಪತ್ತಿಶಾಸ್ತ್ರವೆಲ್ಲ ಅಲ್ಲಿಗೆ ನಿಂತಿತು. ಅಂದಿನಿಂದಲೇ ನಿಜವಾದ ಪಾಠ ಆರಂಭವಾಯಿತೆನ್ನಬೇಕು.

ಆ ಪಾಠಗಳಲ್ಲಿ ಕಲಿತವನು ಹೆಚ್ಚಾಗಿ ನಾನೇ. ವೈದ್ಯರಿಗೆ ಏನೆಂದು ಹೇಳುವುದು? ಮೊದಲು ವಿದ್ಯಾರ್ಥಿಗಳೇ ವಾಕ್ಯಗಳನ್ನು ಬರೆದರು. ಅರ್ಧದಷ್ಟು ವಾಕ್ಯಗಳಲ್ಲಿ ಆಪಾದನೆಯಿತ್ತು: ನೀವು ತಪ್ಪಾಗಿ ಬರೆದಿದ್ದೀರಿ. ಉಳಿದ ಅರ್ಧದಲ್ಲಿ ವಿನಯ ಎಷ್ಟಿತ್ತೆಂದರೆ ವಿಷಯ ಅದರಲ್ಲಿ ಮುಳುಗಿಹೋಗಿತ್ತು: ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಬೇಕು, ಏನಿಲ್ಲ, ಒಂದು ಸಣ್ಣ ಸಂದೇಹ. ಸಂದೇಹ ಏನೆಂಬುದು ಬರುವ ಹೊತ್ತಿಗೆ ಅತ್ತಲಿನವರು ಫೋನ್ ಇಟ್ಟಿರುತ್ತಾರೆ. ಹಲವು ದಿನ ತಿದ್ದಿದೆವು. ಕೊನೆಗೆ ನಿಂತದ್ದು ಹೀಗೆ: ತಾನು ಯಾರು, ಯಾವ ರೋಗಿ, ಚೀಟಿಯಲ್ಲಿ ತಾನು ಓದುತ್ತಿರುವುದು ಏನು, ಪುಸ್ತಕದಲ್ಲಿ ಇರುವುದು ಏನು, ಯಾವುದನ್ನು ಕೊಡಲಿ. ಐದು ತುಣುಕು, ಅರ್ಧ ನಿಮಿಷ. ಕ್ಷಮೆಯೂ ಇಲ್ಲ, ಆಪಾದನೆಯೂ ಇಲ್ಲ. ಪಡಸಾಲೆಯ ಆ ತರುಣಿ ಯಾರೂ ಹೇಳಿಕೊಡದೆಯೇ ಹೆಚ್ಚುಕಡಮೆ ಹೀಗೆಯೇ ಹೇಳಿದ್ದಳೆಂಬುದು ನನಗೆ ಆಮೇಲೆ ಹೊಳೆಯಿತು.

ರೋಗಿಯೊಡನೆ ಮಾತು ಇನ್ನೂ ಕಷ್ಟದ್ದು. ಹೇಳಿದ್ದು ತಿಳಿಯಿತೇ ಎಂದು ಕೇಳಿದರೆ ನಮ್ಮ ಜನ ತಿಳಿಯಿತೆಂದೇ ಹೇಳುತ್ತಾರೆ. ತಿಳಿಯದಿದ್ದರೂ ಹೇಳುತ್ತಾರೆ, ಇಲ್ಲವೆಂದರೆ ಎದುರಿಗಿರುವವರಿಗೆ ಬೇಸರವಾದೀತೆಂಬ ದಾಕ್ಷಿಣ್ಯ. ಆದುದರಿಂದ ರೋಗಿಯ ಬಾಯಿಂದಲೇ ಮರಳಿ ಹೇಳಿಸಬೇಕೆಂಬುದು ಈ ಶಾಸ್ತ್ರದ ವಿಧಾನ. ಆದರೆ ಎಪ್ಪತ್ತು ವರ್ಷದ ಯಜಮಾನರೊಬ್ಬರಿಗೆ ಇಪ್ಪತ್ತರ ಹುಡುಗಿ, ನಾನು ಹೇಳಿದ್ದನ್ನು ಒಪ್ಪಿಸಿ ಎಂದರೆ ಹೇಗಿರುತ್ತದೆ? ಒಬ್ಬ ತಾತ ಸಿಡುಕಿ, "ನಾನೇನು ಒಂದನೇ ಕ್ಲಾಸೇನಮ್ಮ?" ಎಂದರಂತೆ. ಇಂಗ್ಲಿಷಿನ ಪುಸ್ತಕ ಇದಕ್ಕೆ ಪರಿಹಾರ ಹೇಳಲಾರದು. ನಾವೇ ಒಂದು ವಾಕ್ಯ ಕಟ್ಟಿದೆವು: "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ, ನೀವೊಂದು ಸಲ ಹೇಳಿ ನೋಡೋಣ." ತಪ್ಪೇನಿದ್ದರೂ ಹೇಳಿದವಳದು, ಕೇಳಿದವರದಲ್ಲ. ಇದನ್ನು ಕೇಳಿದ ಮೇಲೆ ಸಿಡುಕಿದವರು ಇಲ್ಲವೆಂದು ವಿದ್ಯಾರ್ಥಿಗಳು ವರದಿ ತಂದರು. ಇನ್ಸುಲಿನ್ನನ್ನು ತಣ್ಣಗಿಡಬೇಕೆಂದು ಹೇಳಿಸಿಕೊಂಡ ಅಜ್ಜಿಯೊಬ್ಬರು ಮರಳಿ ಹೇಳುವಾಗ, ಐಸ್ ಆಗುವ ಮೇಲಿನ ಖಾನೆಯಲ್ಲಿ ಭದ್ರವಾಗಿ ಇಡುತ್ತೇನೆ ಎಂದರಂತೆ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಆ ಒಂದು ವಾಕ್ಯ ಹೇಳಿಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದಿಷ್ಟು ಸುಲಭದ ಭಾಗ. ಕಠಿಣವಾದದ್ದು ಬೇರೆ ಇದೆ. ಡಿಪ್ಲೊಮಾದ ಕೊನೆಯ ವರ್ಷದ ಹುಡುಗನೊಬ್ಬ ಒಂದು ಸಂಜೆ ನಮ್ಮ ಮನೆಗೆ ಬಂದ. ತಂದೆಗೆ ಸಾಲ, ಮನೆಯಲ್ಲಿ ಮದುವೆಗೆ ಬಂದ ತಂಗಿ. ಪರೀಕ್ಷೆ ಮುಗಿದೊಡನೆ ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವೆಯಾ ಎಂದು ಅಂಗಡಿಯವರೊಬ್ಬರು ಕೇಳಿದ್ದರಂತೆ. ಗೋಡೆಗೆ ಕಾಗದ ತೂಗುಹಾಕಿಕೊಳ್ಳುತ್ತಾರೆ, ತಿಂಗಳಿಗಿಷ್ಟೆಂದು ಕೊಡುತ್ತಾರೆ, ಇವನು ಬರಬೇಕಾಗಿಲ್ಲ. "ಸೀನಿಯರ್‌ಗಳು ಎಷ್ಟೋ ಜನ ಕೊಟ್ಟಿದಾರೆ ಸರ್. ಕಾಗದ ಅಲ್ಲಿರುತ್ತೆ, ನಾನು ಬೇರೆ ಕಡೆ ದುಡೀತೀನಿ. ತಪ್ಪೇನು?" ಎಂದ. ಕಾಯಿದೆಗೆ ವಿರುದ್ಧವೆಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ನನ್ನ ತಾಯಿಯ ಸಂಗತಿಯನ್ನು ಹೇಳಿದೆ. ಹತ್ತೊಂಬತ್ತರ ಆ ಹುಡುಗನ ತಲೆಯ ಮೇಲೆ ತೂಗುತ್ತಿದ್ದ ಕಾಗದವನ್ನು ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೊನೆಗೆ, "ಅಲ್ಲಿ ಕೂತು ಕೆಲಸ ಮಾಡಿದರೆ ಕೊಡುವ ಸಂಬಳದಲ್ಲಿ ಸಾಲದ ಬಡ್ಡಿಯೂ ತೀರುವುದಿಲ್ಲ ಸರ್," ಎಂದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ವೃತ್ತಿಯ ಘನತೆಯನ್ನು ಹೊಟ್ಟೆ ತುಂಬಿದವರು ಬೋಧಿಸುವುದು ಸುಲಭ. ನಾಲ್ಕು ವರ್ಷ, ಆರು ವರ್ಷ ಓದಿದವರನ್ನು ಪೊಟ್ಟಣ ಕಟ್ಟುವವರ ಸಂಬಳಕ್ಕೆ ನಿಲ್ಲಿಸಿ, ನಾಯಕರಾಗಿ ಎನ್ನುವುದು ನ್ಯಾಯವಲ್ಲ. 2015ರಲ್ಲಿ ಬಂದ ನಿಯಮಗಳು ಔಷಧಜ್ಞನು ರೋಗಿಗೆ ಏನೇನು ತಿಳಿಸಿ ಹೇಳಬೇಕೆಂಬುದನ್ನು ವಿವರವಾಗಿ ಬರೆದಿವೆ. ಐದು ವರ್ಷಗಳಲ್ಲಿ ತಲಾ ಒಂದು ದಿನದ ಎರಡು ಮರುಶಿಕ್ಷಣಗಳಿಗಾದರೂ ಹೋಗಬೇಕೆಂದಿವೆ. ಐದು ವರ್ಷಕ್ಕೆ ಎರಡು ದಿನ! ಹೊಸ ಔಷಧಗಳು ಅಷ್ಟು ನಿಧಾನವಾಗಿ ಬರುತ್ತವೆಯೇ? ಆದರೂ ಇಲ್ಲದ್ದಕ್ಕಿಂತ ಮೇಲು. ಕೂತಿರಬೇಕಾದವನು ಕೂತಿದ್ದರಲ್ಲವೆ, ಕಲಿತದ್ದು ಕೆಲಸಕ್ಕೆ ಬರುವುದು.

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ಔಷಧದ ಅಂಗಡಿಗಳು ಮಾತ್ರ ತೆರೆದಿದ್ದವು. ಆ ದಿನಗಳಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಮಾತ್ರೆ ಕೊರೋನಾವನ್ನು ತಡೆಯುತ್ತದೆಂಬ ಸುದ್ದಿ ಹಬ್ಬಿತು. ಸಂಧಿವಾತದವರು ದಿನವೂ ನುಂಗುವ ಮಾತ್ರೆ ಅದು. ಮೆಥೊಟ್ರೆಕ್ಸೇಟ್ ನಿಂತ ಮೇಲೆ ನನ್ನ ತಾಯಿಗೆ ಅದನ್ನೇ ಕೊಟ್ಟಿದ್ದರು. ಕಾರಿನಲ್ಲಿ ಬಂದವರು ಡಬ್ಬಗಟ್ಟಲೆ ಕೇಳತೊಡಗಿದರು. ನಮ್ಮ ಬೀದಿಯ ಅಂಗಡಿಯಲ್ಲಿ ಆಗ ಕೂರುತ್ತಿದ್ದ ಔಷಧಜ್ಞೆ ಮಧ್ಯವಯಸ್ಸಿನ ಹೆಂಗಸು; ಯಾವ ಶಿಬಿರಕ್ಕೂ ಹೋದವಳಲ್ಲ. ಚೀಟಿಯಿಲ್ಲದೆ ಒಂದು ಮಾತ್ರೆಯನ್ನೂ ಕೊಡಲಿಲ್ಲ. ನಮ್ಮ ಕಾಲೇಜಿನ ಹಿರಿಯರೊಬ್ಬರಿಗೂ ಇಲ್ಲವೆಂದಳು. ಅವರು ನನ್ನ ಬಳಿ ಬಹಳ ಕೋಪ ಮಾಡಿಕೊಂಡರು. ದಿನವೂ ನುಂಗುವವರ ಹೆಸರುಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರವರ ಪಾಲನ್ನು ಮೇಜಿನ ಖಾನ್ಯೆಯೊಳಗೆ ತೆಗೆದಿಟ್ಟಿದ್ದಳು. ನನ್ನ ತಾಯಿಯ ಹೆಸರು ಏಳನೆಯದು.

ಬಾಡಿಗೆಯ ಮಾತು ಕೇಳಲು ಬಂದಿದ್ದ ಹುಡುಗ ಆಮೇಲೆ ಏನು ಮಾಡಿದನೋ ನಾನು ವಿಚಾರಿಸಲಿಲ್ಲ, ವಿಚಾರಿಸಲು ಅಂಜಿಕೆಯಾಗಿತ್ತು. ಕಳೆದ ತಿಂಗಳು ಮದುವೆಯೊಂದಕ್ಕೆ ಹೋಗಿ ಹಿಂದಿರುಗುತ್ತಿದ್ದೆ. ತಾಯಿಯವರ ಮೂಳೆ ಸವೆದಿದೆಯೆಂದು ವೈದ್ಯರು ಹೊಸದಾಗಿ ಬರೆದುಕೊಟ್ಟಿದ್ದ ಚೀಟಿ ಜೇಬಿನಲ್ಲಿತ್ತು. ದಾರಿಯ ಒಂದು ಹೋಬಳಿ ಊರಿನಲ್ಲಿ, ಬಸ್ ನಿಲ್ದಾಣದ ಎದುರಿಗೆ, ಸಣ್ಣ ಔಷಧದ ಅಂಗಡಿ ಕಂಡು ಇಳಿದೆ. ಗಲ್ಲದ ಆಚೆ ಬಿಳಿಯ ಕೋಟು ತೊಟ್ಟು ಕುಳಿತಿದ್ದವನು ಅವನೇ. ಸ್ವಲ್ಪ ದಪ್ಪವಾಗಿದ್ದ. ತಲೆಯ ಮೇಲೆ ಗೋಡೆಯಲ್ಲಿ ಕಟ್ಟು ಹಾಕಿಸಿದ ಕಾಗದ. ಓದಿ ನೋಡಿದೆ, ಅವನದೇ ಹೆಸರು. "ಬನ್ನಿ ಸರ್, ಕೂತ್ಕೊಳ್ಳಿ," ಎಂದು ಸ್ಟೂಲನ್ನು ಸರಿಸಿದ. ಸಾಲದ ಮಾತನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಚೀಟಿಯನ್ನು ಓದಿದ. ಇನ್ನೊಮ್ಮೆ ಓದಿದ. ನಾಲ್ಕು ಮಾತ್ರೆಯ ಪುಟ್ಟ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ನನ್ನ ಕಡೆಗೆ ನೂಕದೆ, ಅದರ ಮೇಲೆ ಕೈಯಿಟ್ಟುಕೊಂಡು ಹೇಳಿದ. ವಾರಕ್ಕೆ ಒಂದೇ. ಬೆಳಗ್ಗೆ ಎದ್ದೊಡನೆ, ಖಾಲಿ ಹೊಟ್ಟೆಯಲ್ಲಿ, ಕಾಫಿಗೂ ಮುಂಚೆ. ಒಂದು ಪೂರ್ತಿ ಲೋಟ ನೀರು. ನುಂಗಿದ ಮೇಲೆ ಅರ್ಧ ಗಂಟೆ ಮಲಗಕೂಡದು; ಕೂತಿರಬೇಕು, ಇಲ್ಲವೆ ಓಡಾಡುತ್ತಿರಬೇಕು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಯಾವ ವಾರ ಎಂದು ಕೇಳಿದ. ಮಂಗಳವಾರ ಎಂದೆ. ಸ್ಟ್ರಿಪ್ಪಿನ ಬೆನ್ನಿನ ಮೇಲೆ ಸ್ಪಷ್ಟವಾದ ಕನ್ನಡದಲ್ಲಿ, 'ಮಂಗಳವಾರ ಮಾತ್ರ' ಎಂದು ಬರೆದ. ಆಮೇಲೂ ಕೈ ತೆಗೆಯಲಿಲ್ಲ. ತುಸು ಸಂಕೋಚದಿಂದ ನನ್ನ ಮುಖ ನೋಡಿದ.

"ಸರ್, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ, ನೀವೊಂದು ಸಲ ಹೇಳಿ ನೋಡೋಣ."

ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ನಾನು ಗಂಟಲು ಸರಿಪಡಿಸಿಕೊಂಡು ಮೊದಲಿನಿಂದ ಹೇಳಲು ಆರಂಭಿಸಿದೆ.